ಡೆಬಿಯನ್ ನವೀಕರಣ ಮೀಮಾಂಸೆ

ಡೆಬಿಯನ್ ಲಿನಕ್ಸ್ ಇರುವ ಯಂತ್ರದಲ್ಲಿ ಪ್ಯಾಕೇಜುಗಳನ್ನು ಹೊಸದಾಗಿಡುವುದು ನಿತ್ಯಕರ್ಮವೋ ನೈಮಿತ್ತಿಕ ಕರ್ಮವೋ ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕರ್ಮ ಎಂಬುದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ.

ವಿಧಿ ಸರಳ. ಮೊದಲು 'ಆಪ್ಟ್ ಅಪ್‌ಡೇಟ್', ಆಮೇಲೆ 'ಆಪ್ಟ್ ಅಪ್‌ಗ್ರೇಡ್'. ಮೊದಲನೆಯದು ಯಾವ ಪ್ಯಾಕೇಜನ್ನೂ ಮುಟ್ಟದು. ಹೊಸ ಪಟ್ಟಿಯನ್ನಷ್ಟೇ ತರಿಸುತ್ತದೆ. ಅಷ್ಟನ್ನೇ ಶ್ರದ್ಧೆಯಿಂದ ಮಾಡಿ, ಇಂತಿಷ್ಟು ಹಳತಾಗಿವೆ ಎಂಬುದನ್ನು ಕಣ್ಣಾರೆ ಕಂಡು, ಟರ್ಮಿನಲ್ ಮುಚ್ಚಿ ಏಳುವವರದೇ ಒಂದು ಪಂಥವಿದೆ. ಪಂಚಾಂಗ ಕೇಳಿದರೂ ಪುಣ್ಯವುಂಟಲ್ಲ ಎಂಬುದು ಅವರ ವಾದ.

ಈಗ ಪೂರ್ವಪಕ್ಷ. ಸೋಮಾರಿತನವೇ ಸುರಕ್ಷೆ ಎನ್ನುವ ಇವರ ಬಳಿ ಪ್ರಮಾಣಗಳಿಗೆ ಬರವಿಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಬೆವರಿದವರು 1.0.1ಕ್ಕೆ ಏರಿದ್ದ ಆಸ್ತಿಕರು; 0.9.8ರಲ್ಲೇ ಗೊರಕೆ ಹೊಡೆಯುತ್ತಿದ್ದವರಿಗೆ ಅದು ತಟ್ಟಲಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್‌ನ 5.6.0, 5.6.1 ಆವೃತ್ತಿಗಳೊಳಗೆ ಕಳ್ಳಬಾಗಿಲಿರುವುದನ್ನು ಆಂಡ್ರೆಸ್ ಫ್ರಾಯಂಡ್ ಪತ್ತೆ ಮಾಡಿದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂಬ ಗುಮಾನಿಯೇ ಅವರಿಗೆ ಸಾಕಾಯಿತು. ಡೆಬಿಯನ್‌ನ ಸ್ಟೇಬಲ್ ಶಾಖೆಗೆ ಅದು ತಲುಪಿರಲಿಲ್ಲ, ಸಿಡ್‌ಗೆ ತಲುಪಿತ್ತು. ಸಿಡ್ ಎಂದರೆ 'ಟಾಯ್ ಸ್ಟೋರಿ' ಸಿನಿಮಾದಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆ ಹುಡುಗ. ಅಸ್ಥಿರ ಶಾಖೆಗೆ ಆ ಹೆಸರಿಟ್ಟ ಮೇಲೂ ಅದನ್ನೇ ಹಾಕಿಕೊಂಡು, ಮುರಿಯಿತೆಂದು ಗೋಳಾಡುವವರಿಗೆ ಶಾಸ್ತ್ರದಲ್ಲಿ ಪರಿಹಾರ ಹೇಳಿಲ್ಲ.

ಉತ್ತರಪಕ್ಷ ಚಿಕ್ಕದು. ಅದೇ 2014ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಶೆಲ್‌ಶಾಕ್ ದೋಷ ಬ್ಯಾಷ್‌ನೊಳಗೆ 1989ರಿಂದಲೇ ಕೂತಿತ್ತು. ಇನ್ನೆಷ್ಟು ಹಿಂದಕ್ಕೆ ಓಡುತ್ತೀರಿ, ಸ್ವಾಮಿ? ಪೂರ್ವಪಕ್ಷದವರು ಕೆಮ್ಮಿ, ಕಾಫಿಗೆಂದು ಎದ್ದು ಹೋದರೆಂದು ತಿಳಿಯತಕ್ಕದ್ದು.

ನಿಜವಾದ ಯಕ್ಷಪ್ರಶ್ನೆ ಬೇರೆಯೇ ಇದೆ. ಅಪ್‌ಗ್ರೇಡ್ ನಡೆಯುತ್ತಿರುವಾಗ ಡಿಪಿಕೆಜಿ ತಟ್ಟನೆ ನಿಂತು ಕೇಳುತ್ತದೆ: ಈ ಕಾನ್ಫಿಗರೇಷನ್ ಫೈಲನ್ನು ನೀವೋ ಯಾವುದೋ ಸ್ಕ್ರಿಪ್ಟೋ ತಿದ್ದಿದ್ದೀರಿ, ಹೊಸದನ್ನು ಹಾಕಲೇ, ಹಳೆಯದನ್ನೇ ಇಡಲೇ? ತಿದ್ದಿದ್ದು ಯಾವಾಗ, ಯಾಕೆ ಎಂಬುದು ಯಾವ ಯಜಮಾನನಿಗೂ ನೆನಪಿರುವುದಿಲ್ಲ. ಪೂರ್ವಜನ್ಮದ ಕೃತ್ಯವೆಂದು ಭಾಷ್ಯಕಾರರು ಕೈತೊಳೆದುಕೊಳ್ಳುತ್ತಾರೆ. ಡಿ ಒತ್ತಿದರೆ ವ್ಯತ್ಯಾಸ ಕಾಣುತ್ತದೆ. ಕಂಡದ್ದೆಲ್ಲ ತಿಳಿಯಬೇಕೆಂಬ ನಿಯಮವಿಲ್ಲ. ಝಡ್ ಒತ್ತಿದರೆ ಶೆಲ್‌ಗೆ ಇಳಿದು ಪರಿಶೀಲಿಸಬಹುದು. ಇಳಿದವರು ಬಂದ ದಾರಿ ಮರೆತು, ಅಲ್ಲಿಂದಲೇ ಮತ್ತೊಂದು ಅಪ್‌ಗ್ರೇಡ್ ಶುರುಮಾಡಿ, ಬೀಗ ಬಿದ್ದಿದೆಯೆಂದು ಆಪ್ಟ್‌ನಿಂದ ಬೈಸಿಕೊಳ್ಳುತ್ತಾರೆ. ಏನೂ ಯೋಚಿಸದೆ ಎಂಟರ್ ಹೊಡೆದರೆ ಹಳೆಯದೇ ಉಳಿಯುತ್ತದೆ. ಲೋಕದ ಅರ್ಧ ಸರ್ವರುಗಳು ಈ ಅನುಗ್ರಹದಿಂದಲೇ ನಿಂತಿವೆ ಎಂಬುದು ಪ್ರಬಂಧಕಾರನ ಅನುಮಾನ, ಪ್ರಮಾಣ ಕೇಳಬಾರದು.

ಕರ್ಮಾಂತ್ಯದಲ್ಲಿ ಗೋದಾನವಾಗಬೇಕಷ್ಟೆ. ಡೆಬಿಯನ್‌ನಲ್ಲಿ ಅದಕ್ಕೂ ವ್ಯವಸ್ಥೆಯಿದೆ. 'ಆಪ್ಟ್ ಮೂ' ಎಂದು ಟೈಪ್ ಮಾಡಿದರೆ ಕೀಲಿಮಣೆಯ ಚಿಹ್ನೆಗಳಲ್ಲೇ ಬಿಡಿಸಿದ ಹಸುವೊಂದು ಪ್ರತ್ಯಕ್ಷವಾಗಿ, ಇವತ್ತು ಅಂಬಾ ಅಂದಿರಾ ಎಂದು ವಿಚಾರಿಸುತ್ತದೆ. ಅದರ ಹಾಲು ಸ್ಟೇಬಲ್‌ನವರಿಗೋ ಸಿಡ್‌ನವರಿಗೋ ಎಂಬ ವ್ಯಾಜ್ಯ ಇನ್ನೂ ಬಾಕಿಯಿದೆ.