‘ನಾನು ಇಲ್ಲ ಎಂದರಷ್ಟೇ ನಂಬಿ!’

2021ರ ಕೋವಿಡ್ ಎರಡನೇ ಅಲೆಯಲ್ಲಿ ಮನೆಮಾತಾದ ರಕ್ತಪರೀಕ್ಷೆ ಡಿ-ಡೈಮರ್. ಈಗ ಹೆಲ್ತ್ ಪ್ಯಾಕೇಜುಗಳಲ್ಲೂ ಹಾಜರಿರುವ ಈ ಗಣ್ಯರನ್ನು ಲ್ಯಾಬಿನ ನೀಲಿ ಮುಚ್ಚಳದ ಟ್ಯೂಬಿನಲ್ಲೇ ಮಾತಾಡಿಸಿದೆವು.

ತಮ್ಮ ಪರಿಚಯ?

ರಕ್ತ ಎಲ್ಲಾದರೂ ಹೆಪ್ಪುಗಟ್ಟಿದರೆ ದೇಹವೇ ಅದನ್ನು ಕರಗಿಸಲು ಹೊರಡುತ್ತದಲ್ಲ, ಆಗ ಫೈಬ್ರಿನ್ ಜಾಲ ಒಡೆದು ಉಳಿಯುವ ಚೂರು ನಾನು. ಹಳೇ ಮನೆ ಕೆಡವಿದಾಗ ಬೀದಿಗೆ ಬೀಳುವ ಇಟ್ಟಿಗೆ ತುಂಡು ಅಂದುಕೊಳ್ಳಿ.

ನೀವು ಏರಿದರೆ ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪಿದೆ ಎಂದೇ ಅರ್ಥವೇ?

ಶುರುವಾಯ್ತು ನೋಡಿ! ಕೆಡವಿದ್ದು ಯಾರ ಮನೆ ಅಂತ ಇಟ್ಟಿಗೆಗೇನು ಗೊತ್ತು? ಬಸುರಿಯರಲ್ಲಿ ಏರುತ್ತೇನೆ. ಆಪರೇಷನ್, ಸೋಂಕು, ಕ್ಯಾನ್ಸರ್ ಇದ್ದರೂ ಏರುತ್ತೇನೆ. ವಯಸ್ಸಾದರೂ ಸಾಕು.

ಮತ್ತೆ ನಿಮ್ಮಿಂದ ಏನು ಉಪಯೋಗ?

ನನ್ನ ‘ಹೌದು’ಗೆ ಕಿಮ್ಮತ್ತಿಲ್ಲ, ‘ಇಲ್ಲ’ಕ್ಕಿದೆ. ಡಾಕ್ಟರು ಕಾಲು ನೋಡಿ ‘ಸಾಧ್ಯತೆ ಕಮ್ಮಿ’ ಅಂದು, ನಾನೂ 500 ನ್ಯಾನೋಗ್ರಾಂಗಿಂತ ಕೆಳಗಿದ್ದರೆ, ಸ್ಕ್ಯಾನ್ ಇಲ್ಲದೆಯೇ ಮನೆಗೆ ಕಳಿಸಬಹುದು.

ಕಾಲಿನಲ್ಲಿ ನೋಡುವುದೇನು?

ಕೆನಡಾದ ಫಿಲಿಪ್ ವೆಲ್ಸ್ ತಂಡ 1997ರಲ್ಲಿ ಅಂಕಪಟ್ಟಿಯನ್ನೇ ಕೊಟ್ಟಿದೆ. ಮಂಡಿಚಿಪ್ಪಿನ ಕೆಳಗೆ ಮೂಳೆಯ ಉಬ್ಬು ಸಿಗುತ್ತದೆ. ಅಲ್ಲಿಂದ 10 ಸೆಂ.ಮೀ. ಕೆಳಗೆ ಟೇಪು ಸುತ್ತಿ ಎರಡೂ ಮೀನಖಂಡ ಅಳೆಯಬೇಕು. ನೋವಿನ ಕಾಲು 3 ಸೆಂ.ಮೀ.ಗಿಂತ ಹೆಚ್ಚು ದಪ್ಪವಿದ್ದರೆ ಒಂದು ಅಂಕ. ಮೂರು ದಿನ ಹಾಸಿಗೆ ಹಿಡಿದಿದ್ದರೆ ಇನ್ನೊಂದು. ಬೇರೆ ಕಾಯಿಲೆಯೇ ಇರಬಹುದು ಅನ್ನಿಸಿದರೆ ಎರಡು ಕಳೆಯಿರಿ. ಆದರೆ ಈಗ ಪ್ಯಾಂಟಿನ ಕಾಲು ಮೇಲೆತ್ತಿಸಿ ನೋಡುವಷ್ಟು ಪುರುಸೊತ್ತು ಯಾರಿಗಿದೆ? ಟೈಲರಿಗೆ ಮಾತ್ರ!

ಕೊನೆಯ ತೀರ್ಪು ಯಾರದು?

ಅಲ್ಟ್ರಾಸೌಂಡಿನದು. ತೊಡೆಸಂದಿ, ಮಂಡಿಯ ಹಿಂಭಾಗದಲ್ಲಿ ಪ್ರೋಬಿನಿಂದ ಒತ್ತುತ್ತಾರೆ. ಸರಿಯಿರುವ ಅಭಿಧಮನಿ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಹೆಪ್ಪಿದ್ದರೆ ಜಪ್ಪಯ್ಯ ಅಂದರೂ ಮುಚ್ಚದು. ಮೀನಖಂಡದ ಸಣ್ಣ ಹೆಪ್ಪು ಕಣ್ತಪ್ಪಿಸಬಹುದು. ಅನುಮಾನ ಉಳಿದರೆ ಒಂದು ವಾರ ಬಿಟ್ಟು ಮತ್ತೆ ನೋಡುತ್ತಾರೆ.

ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿದರೆ ಹೋಗುತ್ತದೆ ಅಂತಾರಲ್ಲ?

ಹೋಗುತ್ತದೆ ಸ್ವಾಮಿ, ಶ್ವಾಸಕೋಶಕ್ಕೆ! ಒಂದೇ ಕಾಲು ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ತೋರಿಸಿ. ಅದರ ಜೊತೆ ಏಕಾಏಕಿ ಏದುಸಿರು ಬಂದರಂತೂ ನನ್ನ ರಿಪೋರ್ಟಿಗೆ ಕಾಯದೆ ಎಮರ್ಜೆನ್ಸಿಗೆ ಓಡಿ.

ನಿಮ್ಮ ದೊಡ್ಡ ಕೊರಗು?

ಮೊನ್ನೆ ಒಬ್ಬರಿಗೆ ಒಂದು ಲ್ಯಾಬಿನಲ್ಲಿ 900 ಬಂತು, ಪಕ್ಕದ ಲ್ಯಾಬಿನಲ್ಲಿ 0.9. ‘ಇಳಿದೇಬಿಟ್ಟಿತು’ ಅಂತ ಹಣ್ಣುಕಾಯಿ ಮಾಡಿಸಿದರು. ಮೊದಲನೆಯದು ನ್ಯಾನೋಗ್ರಾಂ ಲೆಕ್ಕ, ಎರಡನೆಯದು ಮೈಕ್ರೋಗ್ರಾಂ. ನಾನಂತೂ ಕದಲಿರಲಿಲ್ಲ.

ನಾವೂ ನಿಮ್ಮನ್ನು ಮಾಡಿಸಿಕೊಳ್ಳೋಣ ಅಂತಿದ್ದೇವೆ.

ಕಾಲು ಊದಿದೆಯೇ? ನೋವೇ?

ಏನೂ ಇಲ್ಲ. ವಯಸ್ಸು ಎಪ್ಪತ್ತು. ಪ್ಯಾಕೇಜಿನಲ್ಲಿ ನೀವು ಫ್ರೀ.

ಐವತ್ತು ದಾಟಿದವರ ವಯಸ್ಸನ್ನು ಡಾಕ್ಟರು ಹತ್ತರಿಂದ ಗುಣಿಸುವುದುಂಟು. ಆ ಲೆಕ್ಕದಲ್ಲಿ ನಿಮಗೆ 700ರವರೆಗೆ ಮಾಫಿ. ಆದರೆ ಕಂಪ್ಯೂಟರಿಗೆ ನಿಮ್ಮ ನರೆಗೂದಲು ಕಾಣುವುದಿಲ್ಲ. 500 ದಾಟಿದ ಕೂಡಲೇ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತದೆ. ಅದನ್ನು ನೋಡಿ ನಿಮ್ಮ ಬಿ.ಪಿ. ಏರಿದರೆ, ಆ ಖರ್ಚು ಮಾತ್ರ ಪ್ಯಾಕೇಜಿಗೆ ಸೇರಿಲ್ಲ.