ಗಣನೀಯ ಪರಿಣಾಮವೇನೂ ಇಲ್ಲ
(ಪರಿಸರ ವರದಿಯೊಂದರ ಜೊತೆ ಕಾಲ್ಪನಿಕ ಸಂದರ್ಶನ)

ಗಣಿಯೋ ಹೆದ್ದಾರಿಯೋ ಬರುವ ಮೊದಲು ಊರಿನವರ ಅಹವಾಲು ಕೇಳಬೇಕು. ಆ ಸಭೆಗೆ ಮೂವತ್ತು ದಿನ ಮುಂಚೆಯೇ ಪರಿಸರ ಪರಿಣಾಮ ಅಂದಾಜು ವರದಿಯ ಕರಡನ್ನು ಜನ ನೋಡುವ ಹಾಗೆ ಇಡಬೇಕು. ಇದು ನಿಯಮ. ನಾನು ಹೋದ ಕಚೇರಿಯಲ್ಲಿ ಇಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಟ್ಟಿದ್ದರು, ಕಬ್ಬಿಣದ ಬೀರುವಿನೊಳಗೆ. ಬೀಗದಕೈ ಗುಮಾಸ್ತರ ಹತ್ತಿರ, ಗುಮಾಸ್ತರು ಭಾವಮೈದುನನ ಮದುವೆಯಲ್ಲಿ. ಅವರು ಹೋಳಿಗೆ ಅರಗಿಸಿಕೊಂಡು ಬಂದು ಬಾಗಿಲು ತೆಗೆದ ಮೇಲೆ ವರದಿಯವರ ದರ್ಶನವಾಯಿತು. ಆರುನೂರು ಪುಟದ ದಢೂತಿ ಮೈ, ಮಿರಮಿರ ಮಿಂಚುವ ರಟ್ಟು, ರಟ್ಟಿನ ಮೇಲೊಂದು ಹಸಿರೆಲೆ, ಎಲೆಯ ತುದಿಗೆ ಒಂದು ಹನಿ ನೀರು. ಯಾವ ಯೋಜನೆಯದು ಎಂದು ಓದುಗರು ಕೇಳಬಾರದು. ಮುಖಪುಟದಲ್ಲಿ ಒಂದು ತಾಲ್ಲೂಕಿನ ಹೆಸರಿತ್ತು, ನಾಲ್ಕನೇ ಅಧ್ಯಾಯದಲ್ಲಿ ಇನ್ನೊಂದರದು.

ಪ್ರ: ನಮಸ್ಕಾರ ವರದಿರಾಯರೇ, ಆರಾಮವೇ?

ವರದಿ: ಸುತ್ತಲಿನ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಎಲ್ಲವೂ ನಿಗದಿತ ಮಿತಿಯೊಳಗೇ ಇದೆ.

ಪ್ರ: ನಿಮ್ಮ ವಂಶದ ಬಗ್ಗೆ ಸ್ವಲ್ಪ ಹೇಳಿ.

ವರದಿ: ದೊಡ್ಡ ಮನೆತನ ಸ್ವಾಮಿ. 1986ರ ಪರಿಸರ ಸಂರಕ್ಷಣಾ ಕಾಯ್ದೆ ನಮ್ಮ ಅಜ್ಜಿ. 1994ರ ಜನವರಿ 27ರ ಅಧಿಸೂಚನೆಯಿಂದ ನಮಗೆ ಕಾನೂನಿನ ಬಲ ಬಂತು. 2006ರ ಸೆಪ್ಟೆಂಬರ್ 14ರಂದು ಅದನ್ನೇ ಹೊಸದಾಗಿ ಬರೆದರು. ಅಲ್ಲಿಂದ ನಮ್ಮಲ್ಲಿ ಪಂಗಡಗಳು. ‘ಎ’ ವರ್ಗದವರು ದಿಲ್ಲಿಗೆ ಹೋಗುತ್ತಾರೆ, ‘ಬಿ’ ವರ್ಗದವರದು ಬೆಂಗಳೂರಿನಲ್ಲೇ ಮುಗಿಯುತ್ತದೆ. ‘ಬಿ’ಯೊಳಗೆ ‘ಬಿ2’ ಎಂಬ ಒಳಪಂಗಡವೊಂದಿದೆ. ಅವರಿಗೆ ನಾವೂ ಬೇಡ, ಅಹವಾಲು ಸಭೆಯೂ ಬೇಡ. ಪುಣ್ಯವಂತರು.

ಪ್ರ: ತಂದೆಯವರು?

ವರದಿ: ಬರೆದದ್ದು ಸಲಹಾ ಸಂಸ್ಥೆ. ಸಂಸ್ಥೆಯನ್ನು ಗೊತ್ತುಮಾಡಿದ್ದು, ಫೀಸು ಕೊಟ್ಟಿದ್ದು, ಕರಡು ತಿದ್ದಿದ್ದು ಎಲ್ಲ ಯೋಜನೆಯವರೇ.

ಪ್ರ: ಅಂದರೆ ಗಣಿ ಬೇಕು ಎನ್ನುವವರೇ ಗಣಿಯಿಂದ ಕೆಡುಕಿಲ್ಲ ಎಂದು ಬರೆಸುತ್ತಾರೆ?

ವರದಿ: ನಿಮ್ಮೂರಲ್ಲಿ ವರನ ಕಡೆಯವರೇ ಎರಡೂ ಜಾತಕ ಬರೆಸಿದರೆ ಎಷ್ಟು ಗುಣ ಕೂಡುತ್ತವೆ ಹೇಳಿ? ಮೂವತ್ತಾರಕ್ಕೆ ಮೂವತ್ತಾರು. ಆಮೇಲೆ ಹುಡುಗಿಯ ಪಾಡು ಹುಡುಗಿಗೆ.

ಪ್ರ: ‘ಈ ಯೋಜನೆ ಇಲ್ಲಿ ಬೇಡ’ ಎಂದು ಬರೆದವರು ನಿಮ್ಮ ಬಳಗದಲ್ಲಿ ಯಾರಾದರೂ ಇದ್ದಾರೆಯೇ?

ವರದಿ: ಹಾಗೆ ಬರೆದ ಸಲಹೆಗಾರನಿಗೆ ಎರಡನೇ ವರದಿ ಬರೆಯುವ ಕೆಲಸವನ್ನು ಯಾರು ಕೊಡುತ್ತಾರೆ? ನಮ್ಮದು ಮರ್ಯಾದಸ್ಥರ ಭಾಷೆ. ಝರಿ ಬತ್ತಿದರೂ, ಗುಡ್ಡದ ನೆತ್ತಿ ಹಾರಿದರೂ, ಆನೆ ದಾರಿ ತಪ್ಪಿ ಊರಿಗೆ ಬಂದರೂ ನಮ್ಮದು ಒಂದೇ ಮಾತು: ‘ಸೂಕ್ತ ಕ್ರಮ ಕೈಗೊಂಡಲ್ಲಿ ಗಣನೀಯ ಪರಿಣಾಮವೇನೂ ಇರುವುದಿಲ್ಲ.’ ಸೂಕ್ತ ಕ್ರಮ ಎಂದರೆ ಹಸಿರು ಪಟ್ಟಿ. ಮೂರು ಸಾಲು ಗಿಡ, ಮಧ್ಯೆ ಒಂದು ಫಲಕ.

ಪ್ರ: ಸ್ವಂತವಾಗಿಯಾದರೂ ಬರೆಯುತ್ತೀರಾ? ರತ್ನಾಗಿರಿಯ ಕಥೆ ನಮಗೂ ಗೊತ್ತು.

(ಇಲ್ಲಿ ವರದಿಯವರು ಕೆಮ್ಮಿದರು. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದಕ್ಕೆ ಬರೆದ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯ ಭಾಗಗಳು ಇದ್ದ ಹಾಗೇ ಸಿಕ್ಕಿದ್ದವು. ಕೊಂಕಣದ ಹಕ್ಕಿಗಳು ಸ್ಪ್ರೂಸ್ ಮತ್ತು ಬರ್ಚ್ ಮರಗಳ ಕಾಡಿನಲ್ಲಿ ಸುಖವಾಗಿದ್ದವು.)

ವರದಿ: ರಷ್ಯಾ ಕಡೆಯಿಂದ ಹಕ್ಕಿಗಳು ಚಳಿಗಾಲಕ್ಕೆ ವಲಸೆ ಬರುವುದು ನಿಮಗೆ ತಿಳಿದದ್ದೇ. ಆ ವರ್ಷ ಮರಗಳನ್ನೂ ಕಚ್ಚಿಕೊಂಡು ಬಂದಿದ್ದವು.

ಪ್ರ: ದಾಂಡೇಲಿಯಲ್ಲಿ?

ವರದಿ: ಅದು ದೂರದ್ದಲ್ಲ, ನೆರೆಮನೆಯದು. 2000ದ ಸುಮಾರಿಗೆ ಕಾಳಿ ನದಿಗೆ ಕಿರು ಜಲವಿದ್ಯುತ್ ಅಣೆಕಟ್ಟು ಕಟ್ಟಲು ಹೊರಟಾಗ ನಮ್ಮ ಅಣ್ಣನೊಬ್ಬ ಹುಟ್ಟಿದ. ಅವನ ಮೈಯೆಲ್ಲ ಅದೇ ಸೀಮೆಯ ತಟ್ಟಿಹಳ್ಳ ಯೋಜನೆಯ ವರದಿಯದು. ಉತ್ತರ ಕನ್ನಡದ ಪರಿಸರ ಕಾರ್ಯಕರ್ತರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿಬಿಟ್ಟರು. ಜನ ಓದುತ್ತಾರೆಂದು ಯಾರಿಗೆ ಗೊತ್ತಿತ್ತು? ಆಮೇಲೆ ಮಾನ್ಯತೆ ಪಡೆದ ಸಲಹಾ ಸಂಸ್ಥೆಗಳೇ ನಮ್ಮನ್ನು ಬರೆಯಬೇಕು ಎಂಬ ಕಟ್ಟಳೆ ಬಂತು. ಈಗ ಮಾನ್ಯತೆಯ ಪ್ರಮಾಣಪತ್ರವೇ ನಮ್ಮ ಮೊದಲ ಅನುಬಂಧ.

ಪ್ರ: ಜೀವಿಗಳ ಪಟ್ಟಿ ನೋಡಿದೆ. ಘಟ್ಟದ ಊರಿನ ವರದಿ, ಕಪ್ಪೆಗೆ ಒಂದೇ ಸಾಲು. ಏಡಿ ಇಲ್ಲ, ಅಣಬೆ ಇಲ್ಲ, ಹತ್ತುಮೀನಿನ ಸುದ್ದಿ ಇಲ್ಲ. ಉಂಬಳವಾದರೂ ಬೇಡವೇ ಮಾರಾಯರೇ?

ವರದಿ: ಉಂಬಳ ಎಂದರೇನು?

ಪ್ರ: ಮಳೆಗಾಲದಲ್ಲಿ ಬಂದಿದ್ದರೆ ಅದೇ ಪರಿಚಯ ಮಾಡಿಕೊಳ್ಳುತ್ತಿತ್ತು.

ವರದಿ: ಅದೇ ವಿಷಯ. ಅಣೆಕಟ್ಟಿನ ವರದಿಗಳಿಗೆ ಮೂರು ಋತುವಿನ ಲೆಕ್ಕ ಕೇಳುತ್ತಾರೆ. ಗಣಿಯಂಥವುಗಳಿಗೆ ಸಾಮಾನ್ಯವಾಗಿ ಒಂದು ಋತು ಸಾಕು, ಮೂರು ತಿಂಗಳು. ಅದೂ ಮಳೆಗಾಲ ಬಿಟ್ಟು. ನಮ್ಮ ಹುಡುಗರು ಫೆಬ್ರುವರಿಯಲ್ಲಿ ಬಂದರು. ಹಳ್ಳ ಒಣಗಿತ್ತು, ‘ಋತುಮಾನದ ತೊರೆ’ ಎಂದು ಬರೆದರು. ಇಳಿಜಾರು ಗಟ್ಟಿಯಾಗಿತ್ತು, ‘ಸ್ಥಿರ’ ಎಂದು ಬರೆದರು. ಕಪ್ಪೆ ಕೂಗಲಿಲ್ಲ. ಕೂಗದ ಕಪ್ಪೆಯನ್ನು ಇದೆ ಎಂದು ಬರೆಯಲು ನಾವೇನು ಕವಿಗಳೇ?

ಪ್ರ: 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜನ ಸತ್ತರು. ನದಿಯಾಚೆಯ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿತು.

ವರದಿ: ನಾನು ಆ ರಸ್ತೆಯ ವರದಿಯಲ್ಲ.

ಪ್ರ: ನೀವೆಂದು ನಾನು ಹೇಳಲಿಲ್ಲ. ಘಟ್ಟದ ಗುಡ್ಡಗಳು ಫೆಬ್ರುವರಿಯಲ್ಲಿ ಕುಸಿಯುವುದಿಲ್ಲ ಎಂದೆ, ಅಷ್ಟೇ.

(ವರದಿಯವರು ಹಾಳೆ ಮಗುಚಿದರು. ನನಗನ್ನಿಸಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ವರ್ಷದ ಮುಕ್ಕಾಲು ಮಳೆ ನಾಲ್ಕು ತಿಂಗಳಲ್ಲಿ ಸುರಿಯುವ ಸೀಮೆಯನ್ನು ಆ ನಾಲ್ಕು ತಿಂಗಳು ಕಣ್ಣುಮುಚ್ಚಿಕೊಂಡು ಅಳೆಯುವುದಕ್ಕೆ ಅಧ್ಯಯನ ಎಂದು ಹೆಸರಿಡಬಾರದು. ಉಳಿದ ಲೋಪಗಳನ್ನೆಲ್ಲ ಕ್ಷಮಿಸಬಹುದೇನೋ, ಇದನ್ನಲ್ಲ.)

ಪ್ರ: ನಿಮ್ಮನ್ನು ಬರೆಸದೆಯೇ ಮುಗಿಸುವ ಉಪಾಯಗಳೂ ಇವೆಯಂತೆ?

ವರದಿ: ಅದನ್ನು ನೆನೆದರೆ ನನಗೇ ಹೊಟ್ಟೆಯುರಿ. ನೂರು ಕಿಲೋಮೀಟರಿಗಿಂತ ಕಡಿಮೆ ಉದ್ದದ ಹೆದ್ದಾರಿ ಅಗಲೀಕರಣಕ್ಕೆ ನಾವು ಬೇಕಿಲ್ಲ. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಸುಮಾರು 900 ಕಿಲೋಮೀಟರ್. ಅದನ್ನು 53 ತುಂಡು ಮಾಡಿದರು, ಯಾವ ತುಂಡೂ ನೂರು ಮುಟ್ಟಲಿಲ್ಲ. ಹಿಮಾಲಯಕ್ಕೆ ಮಾತ್ರ ತಾನು ತುಂಡಾಗಿರುವುದು ತಿಳಿಯಲಿಲ್ಲ. ಜಲವಿದ್ಯುತ್ತಿಗೆ ಗಡಿ 25 ಮೆಗಾವಾಟ್. 24ಕ್ಕೇ ತೃಪ್ತಿಪಡುವ ಸಂತರು ನಿಮ್ಮ ಘಟ್ಟದಲ್ಲಿ ಹೇರಳ. ಇನ್ನು ಎತ್ತಿನಹೊಳೆ. ಸಕಲೇಶಪುರದ ಕಡೆಯ ಹಳ್ಳಗಳಿಂದ 24 ಟಿಎಂಸಿ ನೀರೆತ್ತಿ ಬಯಲುಸೀಮೆಗೆ ಒಯ್ಯುವ ಯೋಜನೆ, ಸಾವಿರಾರು ಕೋಟಿ, ಕಾಡು ಸೀಳಿದ ಪೈಪು. ಕುಡಿಯುವ ನೀರಿನದು ಎಂದ ಮೇಲೆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲವಲ್ಲ, ಹಾಗಾಗಿ ನನ್ನನ್ನು ಕರೆಯಲೇ ಇಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿಯೂ ಯೋಜನೆಯನ್ನು ತಡೆಯಲಿಲ್ಲ. ಮೊದಲ ಹಂತವನ್ನು 2024ರ ಗೌರಿ ಹಬ್ಬದ ದಿನ ಉದ್ಘಾಟಿಸಿದರು. ಬಾಗಿನ ನನಗೆ ಬರಲಿಲ್ಲ.

ಪ್ರ: ಕೋಲಾರದವರಿಗೆ ನೀರು ಬೇಡವೇ ಎಂದು ಯಾರಾದರೂ ಕೇಳಿದರೆ?

ವರದಿ: ಬೇಕು. ಬೇಕಾದ್ದರಿಂದಲೇ ಹಳ್ಳದಲ್ಲಿ ಅಷ್ಟು ನೀರಿದೆಯೇ ಎಂದು ಮೊದಲು ಯಾರಾದರೂ ಲೆಕ್ಕ ಹಾಕಬೇಕಿತ್ತು. ಅಯ್ಯೋ, ಇದನ್ನು ಬರೆದುಕೊಳ್ಳಬೇಡಿ.

ಪ್ರ: ಬರೆದುಕೊಂಡಾಯಿತು. ಗಣಿ, ಕಾರ್ಖಾನೆ ಮೊದಲು ಶುರುಮಾಡಿ ಅನುಮತಿಯನ್ನು ಆಮೇಲೆ ಪಡೆಯುವುದೂ ಉಂಟಲ್ಲ?

ವರದಿ: 2025ರ ಮೇ 16ರಂದು ಸುಪ್ರೀಂ ಕೋರ್ಟು ಅದು ಕೂಡದು ಎಂದಿತು. ನಾನು ಎದೆಯುಬ್ಬಿಸಿ ನಡೆದಾಡಿದೆ. ಅದೇ ನವೆಂಬರ್ 18ರಂದು ಮೂವರ ಪೀಠ, ಇಬ್ಬರ ಬಹುಮತದಿಂದ, ಆ ತೀರ್ಪನ್ನು ಹಿಂದಕ್ಕೆ ಪಡೆಯಿತು. ಎದೆ ಮತ್ತೆ ಯಥಾಸ್ಥಿತಿಗೆ ಬಂದಿದೆ. ಗೋವಾದ ಮೋಪಾ ವಿಮಾನ ನಿಲ್ದಾಣದ್ದೂ ಹೀಗೇ. ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು 2019ರ ಮಾರ್ಚ್‌ನಲ್ಲಿ ಅನುಮತಿ ಅಮಾನತಾಯಿತು, 2020ರ ಜನವರಿಯಲ್ಲಿ ಅಮಾನತು ತೆರವಾಯಿತು. ಈಗ ವಿಮಾನ ಹಾರುತ್ತಿವೆ.

ಪ್ರ: ಅಹವಾಲು ಸಭೆಗೆ ಬರೋಣ. ನೀವು ವೇದಿಕೆಯ ಮೇಲೇ ಇರುತ್ತೀರಿ.

ವರದಿ: ಮೇಜಿನ ಮೇಲೆ, ನೀರಿನ ಬಾಟಲಿಯ ಪಕ್ಕ. ನಮಗದು ಜಾತ್ರೆ. ಶಾಮಿಯಾನ, ಮೈಕು, ಡಿಸಿ ಸಾಹೇಬರು, ಅವರು ಬಾರದಿದ್ದರೆ ಅಪರ ಜಿಲ್ಲಾಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿಯವರು, ವೀಡಿಯೊದವರು, ಜನರಿಗಿಂತ ಜಾಸ್ತಿ ಪೊಲೀಸರು. ಒಂದು ಬದಿಗೆ ‘ಉದ್ಯೋಗ ಬೇಕು’ ಎಂಬ ಒಂದೇ ಕೈಬರಹದ ಫಲಕ ಹಿಡಿದವರು. ಅವರು ಬಂದ ಬಸ್ಸುಗಳು ಶಾಲೆಯ ಮೈದಾನದಲ್ಲಿ. ಒಂದು ಗುಟ್ಟು ಹೇಳಲೇ? ಸಭೆ ಶುರುವಾಗಲು ಕೋರಂ ಬೇಕಿಲ್ಲ ಎಂದು ನಿಯಮದಲ್ಲೇ ಬರೆದಿದೆ. ಗ್ರಾಮ ಪಂಚಾಯಿತಿಗೂ, ಹಾಲಿನ ಸೊಸೈಟಿಗೂ ಕೋರಂ ಬೇಕು. ಗುಡ್ಡ ಅಗೆಯಲು ಬೇಡ.

ಪ್ರ: ಬಂದವರೆಲ್ಲ ಬೇಡವೆಂದರೆ?

ವರದಿ: ಶರಾವತಿ ಕಣಿವೆಯಲ್ಲಿ ಎಂದಿದ್ದಾರಲ್ಲ. ಅಲ್ಲಿನ ಯೋಜನೆಯೆಂದರೆ, ತಲಕಳಲೆಯಿಂದ ಗೇರುಸೊಪ್ಪದ ಜಲಾಶಯಕ್ಕೆ ನೀರಿಳಿಸಿ ಕರೆಂಟು ತೆಗೆಯುವುದು, ಆಮೇಲೆ ಅದೇ ನೀರನ್ನು ಕರೆಂಟು ಸುಟ್ಟು ಮೇಲಕ್ಕೆ ಎತ್ತುವುದು. 2000 ಮೆಗಾವಾಟ್. ಇಳಿದಾಗ ಹುಟ್ಟುವುದಕ್ಕಿಂತ ಎತ್ತಲು ಬೇಕಾದದ್ದೇ ಹೆಚ್ಚು. ಕಾಡು ಸಿಂಗಳೀಕನ ಅಭಯಾರಣ್ಯ. 2025ರ ಅಹವಾಲು ಸಭೆಗಳಲ್ಲಿ ರೈತರು, ಮಠಾಧೀಶರು, ಮಹಿಳೆಯರು, ಪರಿಸರದವರು ಗಂಟೆಗಟ್ಟಲೆ ವಿರೋಧಿಸಿದರು. ಎಲ್ಲ ದಾಖಲಾಗುತ್ತದೆ. ಅಂತಿಮ ವರದಿಯಲ್ಲಿ ನಮ್ಮ ಬಳಗದವರು ಒಂದು ಕೋಷ್ಟಕ ಹಾಕುತ್ತಾರೆ. ಎಡಗಡೆ ‘ಆಕ್ಷೇಪ: ನಮ್ಮ ತೋಟದ ಅಬ್ಬಿ ನೀರು ನಿಂತುಹೋಗುತ್ತದೆ’. ಬಲಗಡೆ ‘ಉತ್ತರ: ಗಮನಿಸಲಾಗಿದೆ’. ಸಭೆಯಲ್ಲಿ ಮತ ಹಾಕಿಸುವುದಿಲ್ಲ ಸ್ವಾಮಿ, ಮಾತಾಡಿಸುತ್ತಾರೆ.

ಪ್ರ: ನೀವು ಇಂಗ್ಲಿಷಿನಲ್ಲಿ ಆರುನೂರು ಪುಟ, ಕನ್ನಡದಲ್ಲಿ ಹದಿನೈದು. ನ್ಯಾಯವೇ?

ವರದಿ: ಸಾರಾಂಶವನ್ನು ಮಾತ್ರ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದಿದೆ. ಕೊಟ್ಟಿದ್ದೇವೆ. 2020ರಲ್ಲಿ ನಮ್ಮ ಇಡೀ ಕಾನೂನನ್ನೇ ಸಡಿಲಿಸುವ ಕರಡು ಬಂದಾಗಲೂ ಇದೇ ತಕರಾರು. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೆ ಅನುವಾದಿಸಿ ಎಂದು ಜೂನ್ 30ರಂದು ದಿಲ್ಲಿ ಹೈಕೋರ್ಟು ಹೇಳಿತು. ಜನಭಾಷೆಯಲ್ಲಿ ಪ್ರಚಾರವೇ ಆಗಿಲ್ಲವೆಂದು ಆಗಸ್ಟಿನಲ್ಲಿ ನಿಮ್ಮ ಕರ್ನಾಟಕ ಹೈಕೋರ್ಟು ಅಂತಿಮ ಅಧಿಸೂಚನೆಗೇ ತಡೆ ಕೊಟ್ಟಿತು. ಆ ಕರಡು ಹಾಗೇ ಉಳಿಯಿತು. ಆದರೆ ಅದರೊಳಗಿದ್ದ ಎಷ್ಟೋ ಸಂಗತಿಗಳು ಸುತ್ತೋಲೆ, ತಿದ್ದುಪಡಿಗಳ ವೇಷದಲ್ಲಿ ಹಿಂಬಾಗಿಲಿನಿಂದ ಬಂದು ಕೂತಿವೆ.

ಪ್ರ: 1981ರಲ್ಲಿ ನಿಮ್ಮ ಕುಲಕ್ಕೆ ಕಾನೂನಿನ ಬಲವೇ ಬಂದಿರಲಿಲ್ಲ. ಆಗ ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸೊಸೈಟಿ ಏನು ಮಾಡಿತು, ಗೊತ್ತೇ?

ವರದಿ: ಮನೆಯಲ್ಲಿ ಆ ಹೆಸರು ಎತ್ತುವ ಹಾಗಿಲ್ಲ.

ಪ್ರ: ಅಡಿಕೆ ಮಾರುವ ಸಹಕಾರ ಸಂಘ ಅದು. ವಿಜ್ಞಾನಿಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು ಕರೆಸಿ ವಿಚಾರ ಸಂಕಿರಣ ಮಾಡಿತು. ಮುಳುಗುವ ತೋಟ, ಕಾಡು, ಅದರ ಉತ್ಪನ್ನಗಳ ಬೆಲೆ ಎಷ್ಟು, ಹುಟ್ಟುವ ಕರೆಂಟಿನ ಬೆಲೆ ಎಷ್ಟು ಎಂದು ಎದುರೆದುರು ಇಟ್ಟು ನೋಡಿತು. ಯೋಜನೆ ಬದಿಗೆ ಸರಿಯಿತು.

ವರದಿ: ಅವರಿಗೆ ಫೀಸು ಕೊಟ್ಟವರು ಮುಳುಗುವವರು. ಅದಕ್ಕೇ ಮುಳುಗಡೆ ಕಾಣಿಸಿತು.

ಪ್ರ: ಹಾಗಾದರೆ ಒಂದು ಮಾತು. ಯೋಜನೆಯವರು ಫೀಸನ್ನು ಸರ್ಕಾರದ ಒಂದು ಸ್ವತಂತ್ರ ನಿಧಿಗೆ ಕಟ್ಟಲಿ. ಸಲಹೆಗಾರರನ್ನು ಆ ನಿಧಿಯವರು ಚೀಟಿ ಎತ್ತಿ ನೇಮಿಸಲಿ. ಹಣ ಅವರದ್ದೇ, ಋಣ ಮಾತ್ರ ಇರುವುದಿಲ್ಲ. ಆಗ ನೀವು ನಿಜ ಹೇಳುತ್ತೀರಾ?

(ವರದಿಯವರು ತುಂಬ ಹೊತ್ತು ಸುಮ್ಮನಿದ್ದರು.)

ವರದಿ: ಆಗ ನಾನು ಅರವತ್ತು ಪುಟಕ್ಕೆ ಇಳಿದುಬಿಡುತ್ತೇನಲ್ಲ! ನೀವು ಬಂದ ಉದ್ದೇಶವೇ ಅಭಿವೃದ್ಧಿ ವಿರೋಧಿ ಅನ್ನಿಸುತ್ತಿದೆ. ನಿಮ್ಮ ಪ್ರಶ್ನೆಯನ್ನು ಗಮನಿಸಲಾಗಿದೆ.

ಸಂದರ್ಶನ ಅಲ್ಲಿಗೆ ಮುಗಿಯಿತು. ಇನ್ನು ಓದುಗರಿಗೆ ಎರಡು ಮಾತು. ನಿಮ್ಮ ಸೀಮೆಯ ಅಹವಾಲು ಸಭೆಯ ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಂಡರೆ, ಅಂದಿನಿಂದ ಕಡೇಪಕ್ಷ ಮೂವತ್ತು ದಿನ ನಿಮ್ಮ ಕೈಯಲ್ಲಿರುತ್ತದೆ. ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಇರಲೇಬೇಕು. ಹೋಗಿ ಕೇಳಿ, ಜೀವಿಗಳ ಪಟ್ಟಿಯನ್ನೂ ಮಾದರಿ ತೆಗೆದ ತಿಂಗಳನ್ನೂ ಮೊದಲು ನೋಡಿ. ಸಭೆಗೆ ಹೋಗಲಾಗದವರು ಆಕ್ಷೇಪವನ್ನು ಮಂಡಳಿಗೆ ಬರೆದು ಕೊಡಬಹುದು. ಕನ್ನಡದಲ್ಲೇ ಬರೆಯಿರಿ, ಸರ್ವೆ ನಂಬರು ಹಾಕಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ. ನಾಳೆ ಕೋರ್ಟಿಗೆ ಹೋಗಬೇಕಾಗಿ ಬಂದರೆ ವಕೀಲರು ಮೊದಲು ಕೇಳುವುದು ಆ ಸ್ವೀಕೃತಿಯನ್ನೇ.