ಬ್ಲೂ ಟಿಕ್ಕೂ ನಾಲ್ಕನೇ ಜ್ವರವೂ

ಕನಕಪುರದ ಕಡೆ ಹಳ್ಳಿಯಲ್ಲಿರುವ ನನ್ನ ಭಾವನಿಗೆ ಒಂದು ಸೋಮವಾರ ಮೆಸೇಜು ಹಾಕಿದೆ: ‘ಭಾವ, ಭಾನುವಾರ ಪಾಪುಗೆ ನಾಮಕರಣ. ಎಷ್ಟು ಜನ ಬರ್ತೀರಿ?’ ಎರಡೇ ನಿಮಿಷಕ್ಕೆ ಟಿಕ್ಕು ನೀಲಿಯಾಯಿತು. ಆಮೇಲೆ ಸದ್ದಿಲ್ಲ. ಮಂಗಳವಾರ ಒಂದು ಪ್ರಶ್ನೆ ಚಿಹ್ನೆ ಕಳಿಸಿದೆ, ಅದೂ ನೀಲಿ. ಬುಧವಾರ ಮೂರು ಕಳಿಸಿದೆ, ಮೂರೂ ನೀಲಿ. ‘ನಿಮ್ಮಣ್ಣಂಗೆ ಎಷ್ಟು ಕೊಬ್ಬು ನೋಡು’ ಎಂದು ಹೆಂಡತಿಯನ್ನು ಕೆಣಕಿದ ತಪ್ಪಿಗೆ ಆ ರಾತ್ರಿ ಸಾರಿಗೆ ಉಪ್ಪಿರಲಿಲ್ಲ. ಕೊನೆಗೆ ಶನಿವಾರ ರಾತ್ರಿ ಹತ್ತೂವರೆಗೆ ಉತ್ತರ ಬಂತು. ‘ಹೂಂ.’

ಎಷ್ಟು ಜನ ಅಂದರೆ ಹೂಂ!

ಭಾನುವಾರ ಟೆಂಪೋದಿಂದ ಹನ್ನೊಂದು ಜನ ಇಳಿದರು. ಎಲೆ ಮುಂದೆ ಕೂತಾಗ ವಿಚಾರಿಸಿಕೊಂಡೆ. ‘ಹುಳ ನಾಲ್ಕನೇ ಜ್ವರ ಎದ್ದಿದ್ವು ಭಾವ’ ಎಂದರು, ಅದಕ್ಕಿಂತ ದೊಡ್ಡ ಕಾರಣ ಬೇಕೇ ಎಂಬಂತೆ. ರಾಮನಗರದಲ್ಲಿದ್ದುಕೊಂಡು ನಾನು ಅದನ್ನು ಕೇಳಲೇಬಾರದಿತ್ತು. ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅಂತಲೇ ಹೆಸರು. ನಾಲ್ಕನೆಯದು ಎದ್ದಮೇಲಿನ ಒಂದು ವಾರದಲ್ಲಿ, ಜೀವಮಾನವೆಲ್ಲ ತಿನ್ನುವ ಸೊಪ್ಪಿನ ಮುಕ್ಕಾಲಿಗೂ ಹೆಚ್ಚು ತಿಂದು ಮುಗಿಸುತ್ತದೆ. ಹುಳದ ಮನೆಯ ಬಾಗಿಲಲ್ಲಿ ನಿಂತರೆ ಆ ಮೇಯುವ ಸದ್ದು ಜಿಟಿಜಿಟಿ ಮಳೆಯಂತೆ ಕೇಳುತ್ತದೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಂಕಿಗೆ ಬಿಟ್ಟು, ಕೈ ತೊಳೆದು, ಅವರು ಮೊದಲು ಒತ್ತಿದ್ದೇ ನನ್ನ ‘ಹೂಂ’.

‘ಮತ್ತೆ ಆ ನೀಲಿ?’

‘ಫೋನು ಮಗನ ಕೈಲಿತ್ತಲ್ಲ.’

2014ರ ನವೆಂಬರಿನಲ್ಲಿ ವಾಟ್ಸಾಪಿನವರು ಈ ಬ್ಲೂ ಟಿಕ್ಕು ತಂದಾಗ ಒಂದು ಫೋನಿಗೆ ಒಬ್ಬ ಮನುಷ್ಯ ಎಂದುಕೊಂಡಿರಬೇಕು. ನಮ್ಮ ಕಡೆ ಒಂದು ಫೋನಿಗೆ ಒಂದು ಮನೆ.

‘ಅಲ್ಲ, ಜ್ವರದಲ್ಲಿರೋ ಹುಳ ತಲೆ ಎತ್ಕೊಂಡು ಸುಮ್ನೆ ಇರ್ತದೆ. ಮೇಯಲ್ಲ ಅಂತ ಯಾರಾದ್ರೂ ಮೇಲೆ ಮೇಲೆ ಸೊಪ್ಪು ಹಾಕ್ತಾರಾ?’ ಎಂದು ಭಾವ ಪಾಯಸ ಸುರಿದರು. ನನ್ನ ಪ್ರಶ್ನೆ ಚಿಹ್ನೆಗಳ ಲೆಕ್ಕ ಅವರ ಮಗ ಇಟ್ಟಿದ್ದನೆಂದು ಆಗ ತಿಳಿಯಿತು.

ಎಲ್ಲರೂ ಭಾವನಂತಲ್ಲ. ಮಾಗಡಿಯ ದೊಡ್ಡಮ್ಮ ಬೆಳಿಗ್ಗೆ ಐದಕ್ಕೆ ಸಾವನದುರ್ಗದ ಮೇಲೆ ಗುಲಾಬಿ ಅಂಟಿಸಿದ ‘ಶುಭೋದಯ’ ಕಳಿಸುತ್ತಾರೆ. ಕಾಫಿಗೆ ಮೊದಲು ಕೈ ಮುಗಿಯದಿದ್ದರೆ ‘ನಾನ್ ಸತ್ರೂ ನಿಂಗೆ ಗೊತ್ತಾಗಲ್ಲ ಬಿಡು’. ಚನ್ನಪಟ್ಟಣದ ಮುದ್ದಿನ ಸೊಸೆಯ ಉತ್ತರ ಕ್ಷಣಾರ್ಧದಲ್ಲಿ ಬರುತ್ತದೆ, ಬರೀ ಹೆಬ್ಬೆಟ್ಟು. ಅವಳೂರಿನ ಅರಗು ಹಚ್ಚಿದ ಬೊಂಬೆಯ ಹಾಗೆ ನುಣ್ಣಗೆ. ಎಲ್ಲಿ ಹಿಡಿದು ಜಗಳ ತೆಗೆಯೋಣ? ‘ಸಂಗಮದಲ್ಲಿದ್ದೆ, ಸಿಗ್ನಲ್ ಇರ್ಲಿಲ್ಲ’ ಎಂದ ಗೆಳೆಯನ ಸ್ಟೇಟಸ್ಸಿನಲ್ಲಿ ಆ ಹೊತ್ತಿಗೇ ಸಂಗಮದ ಏಳು ಫೋಟೋ ಇದ್ದವು. ಇರಲಿ.

ಮುಂದಿನ ಶುಕ್ರವಾರ ಬೆಳಿಗ್ಗೆ ಭಾವನ ಮೆಸೇಜು: ‘ಮಾರ್ಕೆಟ್ಟಲ್ಲಿ ಗೂಡು ರೇಟು ಎಷ್ಟು ನಡೀತೈತೆ?’ ನಾನು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದೆ. ಒಂದೇ ಕಣ್ಣು ಬಿಟ್ಟು ನೋಡಿ ಫೋನು ಪಕ್ಕಕ್ಕಿಟ್ಟೆ. ನಾಲ್ಕು ನಿಮಿಷವಾಗಿರಲಿಲ್ಲ, ರಿಂಗಾಯಿತು.

‘ಏನ್ ಭಾವ, ನೀಲಿ ಆಗೈತೆ, ಉತ್ರನೇ ಇಲ್ಲ?’

‘ಜ್ವರ ಭಾವ’ ಅಂದೆ.

‘ಗೂಡಿನೊಳಗೆ ಚಿಟ್ಟೆ ಆಗಿ ತೂತು ಹೊಡ್ಕೊಂಡು ಬಂದ್ರೆ ನೂಲು ನೀವು ಬಿಚ್ತೀರಾ? ರೇಟು ಹೇಳಿ ಮೊದ್ಲು.’